ಮನೆಗೆ ತಕ್ಕ ಒಲೆ ಯಾವುದು? – ಅಗ್ಗಿಷ್ಟಿಕೆಯ ಚರಿತ್ರೆಯಿಂದ ಕೆಲವು ಪಾಠಗಳು

ಹೊಸ ಮನೆ ಕಟ್ಟುವಾಗ ನಾವು ಬಾಗಿಲು ಯಾವ ದಿಕ್ಕಿಗೆ, ಬಾವಿ ಎಲ್ಲಿ, ದೇವರ ಕೋಣೆ ಎಲ್ಲಿ ಎಂದು ಹತ್ತು ಜನರನ್ನು ಕೇಳುತ್ತೇವೆ. ಒಲೆ ಹೇಗಿರಬೇಕು ಎಂಬ ಪ್ರಶ್ನೆ ಮಾತ್ರ ಕೊನೆಗೆ ಬರುತ್ತದೆ. ಆಗಲೂ ಉತ್ತರ ಹೇಳುವವನು ಮೇಸ್ತ್ರಿ, ಇಲ್ಲವೇ ಮನೆಯ ಯಜಮಾನ. ದಿನಕ್ಕೆ ಮೂರು ಹೊತ್ತು ಅದರ ಮುಂದೆ ಕೂರುವವರನ್ನು ಕೇಳುವ ಕ್ರಮ ನಮ್ಮಲ್ಲಿ ಕಡಿಮೆ. ಇದು ನಮ್ಮೂರಿನ ಕತೆ ಮಾತ್ರ ಅಲ್ಲ, ಲೋಕದ ಕತೆಯೂ ಹೌದು. ಚಳಿದೇಶದವರು ತಮ್ಮ ಮನೆಗೆ ಅಗ್ಗಿಷ್ಟಿಕೆಯನ್ನು ಆರಿಸಿಕೊಂಡ ಚರಿತ್ರೆ ಓದಿದರೆ ಅದು ಗೊತ್ತಾಗುತ್ತದೆ.

ಅಗ್ನಿ ಎಂಬುದರ ತದ್ಭವ ಅಗ್ಗಿ. ಅಗ್ಗಿಷ್ಟಿಕೆ ಎಂಬ ಪದ ಅಲ್ಲಿಂದ ಬಂದದ್ದು. ಚಳಿ ಕಾಯಿಸುವ ಬೆಂಕಿಗೂಡು ಎಂದು ಅರ್ಥ ಮಾಡಿಕೊಳ್ಳಬಹುದು. ಯುರೋಪಿನಲ್ಲಿ ಮೊದಲು ಮನೆಯ ನಡುವೆ ನೆಲದ ಮೇಲೆಯೇ ಬೆಂಕಿ ಹಾಕುತ್ತಿದ್ದರು. ಹೊಗೆ ಮಾಡಿನ ಸಂದಿಯಿಂದ ಹೊರಗೆ ಹೋಗಬೇಕಿತ್ತು. ಗೋಡೆಗೆ ಸೇರಿಸಿ ಗೂಡು ಕಟ್ಟಿ, ಮೇಲೆ ಚಿಮ್ನಿ ಇಡುವ ಪದ್ಧತಿ 12ನೆಯ ಶತಮಾನದ ಸುಮಾರಿಗೆ ಕೋಟೆ, ಮಠಗಳಲ್ಲಿ ಕಾಣಿಸಿಕೊಂಡಿತು. ಸಾಮಾನ್ಯರ ಮನೆಗೆ ಅದು ಬರಲು ಇನ್ನೂ ನಾಲ್ಕು ನೂರು ವರ್ಷ ಬೇಕಾಯಿತು. 1577ರಲ್ಲಿ ಇಂಗ್ಲೆಂಡಿನ ವರ್ಣನೆ ಬರೆದ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ, ತನ್ನ ಊರಿನ ಮುದುಕರು ತಮ್ಮ ಕಾಲದಲ್ಲಾದ ದೊಡ್ಡ ಬದಲಾವಣೆಗಳಲ್ಲಿ ಹೊಸದಾಗಿ ಎದ್ದ ಚಿಮ್ನಿಗಳನ್ನೂ ಲೆಕ್ಕ ಹಾಕುತ್ತಿದ್ದರು ಎಂದು ದಾಖಲಿಸಿದ್ದಾನೆ.

ಚಿಮ್ನಿ ಬಂದ ಮೇಲೆ ಸರಕಾರದ ಕಣ್ಣೂ ಅದರ ಮೇಲೆ ಬಿತ್ತು! 1662ರಲ್ಲಿ ಇಂಗ್ಲೆಂಡಿನಲ್ಲಿ ಒಲೆ ತೆರಿಗೆ ಜಾರಿಗೆ ಬಂತು. ಒಂದು ಒಲೆಗೆ ವರ್ಷಕ್ಕೆ 2 ಶಿಲಿಂಗ್. ತೀರಾ ಬಡವರಿಗೆ ವಿನಾಯಿತಿ ಇತ್ತು. ಎಣಿಸುವವರು ಮನೆಯೊಳಗೆ ನುಗ್ಗಿ ಲೆಕ್ಕ ಮಾಡುತ್ತಿದ್ದರು. ಜನ ತೆರಿಗೆ ತಪ್ಪಿಸಲು ಅಗ್ಗಿಷ್ಟಿಕೆಗೆ ಇಟ್ಟಿಗೆ ಇಟ್ಟು ಮುಚ್ಚಿದ್ದೂ ಉಂಟು. ಮನೆಯೊಳಗಿನ ಬೆಂಕಿಯನ್ನು ಹೊರಗಿನವನು ಬಂದು ಎಣಿಸುವುದು ಯಾರಿಗೆ ತಾನೆ ಇಷ್ಟ? 1689ರಲ್ಲಿ ಈ ತೆರಿಗೆ ರದ್ದಾಯಿತು.

ಇನ್ನು ಅಗ್ಗಿಷ್ಟಿಕೆಯ ಕೆಲಸದ ವಿಚಾರಕ್ಕೆ ಬರೋಣ. ಹಳೆಯ ಅಗ್ಗಿಷ್ಟಿಕೆ ನೋಡಲು ಭರ್ಜರಿ, ಕೆಲಸದಲ್ಲಿ ಪೋಲು. ಗೂಡು ಆಳ, ಗಂಟಲು ಅಗಲ. ಬೆಂಕಿಯ ಬಿಸಿಯೆಲ್ಲ ಚಿಮ್ನಿಯಲ್ಲಿ ಮೇಲೇರಿ ಹೋಗುತ್ತಿತ್ತು. ಹೋಗುವಾಗ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತಿತ್ತು. ಆ ಜಾಗಕ್ಕೆ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಮುಖ ಸುಡುತ್ತದೆ, ಬೆನ್ನು ನಡುಗುತ್ತದೆ! ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಇಬ್ಬರು ಬೆಂಜಮಿನ್‌ರು ಮುಖ್ಯರು, ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರು.

ಮೊದಲನೆಯವನು ಬೆಂಜಮಿನ್ ಫ್ರಾಂಕ್ಲಿನ್. ಮಿಂಚನ್ನು ಪರೀಕ್ಷಿಸಿದವನೆಂದು ಮಕ್ಕಳಿಗೂ ಗೊತ್ತಿರುವ ಹೆಸರು. ಎರಕದ ಕಬ್ಬಿಣದ ಹಲಗೆಗಳನ್ನು ಜೋಡಿಸಿ ಮಾಡಿದ ಒಂದು ಅಗ್ಗಿಷ್ಟಿಕೆಯನ್ನು ವಿವರಿಸಿ 1744ರಲ್ಲಿ ಪುಸ್ತಿಕೆ ಹೊರಡಿಸಿದ. ಚಿಮ್ನಿಗೆ ಹೋಗುವ ಮೊದಲು ಬಿಸಿ ಹೊಗೆ ಕಬ್ಬಿಣದ ಒಳಗೇ ಸುತ್ತಿ ಹೋಗಬೇಕು, ಕಬ್ಬಿಣ ಕಾದು ಕೋಣೆಗೆ ಬಿಸಿ ಕೊಡಬೇಕು ಎಂಬುದು ಅವನ ಲೆಕ್ಕ. ಹಕ್ಕುಪತ್ರ ಕೊಡುತ್ತೇವೆಂದು ಗವರ್ನರ್ ಮುಂದೆ ಬಂದರೂ ಅವನು ಬೇಡವೆಂದ. ಬೇರೆಯವರ ಆವಿಷ್ಕಾರದಿಂದ ನಮಗೆ ಉಪಕಾರವಾಗುವಾಗ ನಮ್ಮದನ್ನೂ ಧಾರಾಳವಾಗಿ ಕೊಡಬೇಕು ಎಂಬುದು ಅವನ ವಾದ. ಆದರೆ ಹೊಗೆ ಕೆಳಗಿಳಿದು ಮತ್ತೆ ಮೇಲೇರಬೇಕಾದ ಆ ಮೊದಲ ಮಾದರಿ ಸರಿಯಾಗಿ ಎಳೆಯುತ್ತಿರಲಿಲ್ಲ. ಮುಂದೆ ಬೇರೆಯವರು ಅದನ್ನು ತಿದ್ದಿದರು.

ಎರಡನೆಯವನು ಬೆಂಜಮಿನ್ ಥಾಮ್ಸನ್, ಕೌಂಟ್ ರಮ್‌ಫರ್ಡ್ ಎಂದೇ ಪ್ರಸಿದ್ಧ. ಫಿರಂಗಿಗೆ ತೂತು ಕೊರೆಯುವಾಗ ಹುಟ್ಟುವ ಶಾಖ ನೋಡಿ, ಶಾಖವೆಂದರೆ ಒಂದು ವಸ್ತುವಲ್ಲ, ಚಲನೆ ಎಂದು 1798ರಲ್ಲಿ ವಾದಿಸಿದವನು ಇವನೇ. ಅದಕ್ಕೆ ಎರಡು ವರ್ಷ ಮೊದಲು, 1796ರಲ್ಲಿ, ಅಗ್ಗಿಷ್ಟಿಕೆಯ ಬಗ್ಗೆ ಪ್ರಬಂಧ ಬರೆದ. ತೆರೆದ ಬೆಂಕಿಯಿಂದ ಕೋಣೆಗೆ ಸಿಗುವುದು ಬಿಸಿ ಗಾಳಿಯಲ್ಲ, ಬಿಸಿ ಕಿರಣ ಎಂದು ಅವನು ಕಂಡುಕೊಂಡಿದ್ದ. ಹಾಗಾಗಿ ಗೂಡಿನ ಆಳ ಕಡಿಮೆ ಮಾಡಿದ. ಹಿಂಗೋಡೆಯ ಅಗಲವನ್ನು ಮುಂಬಾಯಿಯ ಮೂರನೆಯ ಒಂದು ಪಾಲಿಗೆ ಇಳಿಸಿ, ಎರಡು ಬದಿಯ ಗೋಡೆಗಳನ್ನು ಹೊರಕ್ಕೆ ಓರೆಯಾಗಿ ತೆರೆದ. ಗಂಟಲನ್ನು ಸುಮಾರು 4 ಅಂಗುಲಕ್ಕೆ ಕಿರಿದು ಮಾಡಿದ. ಇಷ್ಟೇ! ಹೊಸ ಯಂತ್ರ ಇಲ್ಲ, ಒಂದಷ್ಟು ಇಟ್ಟಿಗೆ ಮತ್ತು ಗಾರೆ ಸಾಕು. ಕಿರಣ ಕೋಣೆಗೆ ಬಂತು, ಹೊಗೆ ಮೇಲೆ ಹೋಯಿತು, ಇಂಧನ ಉಳಿಯಿತು. ಲಂಡನ್ನಿನ ದೊಡ್ಡ ಮನೆಗಳವರು ತಮ್ಮ ಅಗ್ಗಿಷ್ಟಿಕೆಗಳನ್ನು ಅವನ ಅಳತೆಗೆ ತಿದ್ದಿಸಿಕೊಂಡರು.

ಹೊಗೆ ಮತ್ತು ಶಾಖದ ಲೆಕ್ಕ ಹೀಗೆ ಸರಿಯಾಯಿತು. ಆದರೆ ಬೆಂಕಿಯ ಕಷ್ಟ ಯಾರ ಪಾಲಿಗೆ ಬಂತು? ಚಿಮ್ನಿಯ ಮಸಿ ಗುಡಿಸಲೇಬೇಕು, ಇಲ್ಲದಿದ್ದರೆ ಅದಕ್ಕೇ ಬೆಂಕಿ ಹಿಡಿಯುತ್ತದೆ. ಕಲ್ಲಿದ್ದಲಿನ ಕಾಲದ ಚಿಮ್ನಿಗಳು ಇಕ್ಕಟ್ಟು. ದೊಡ್ಡವರು ಹೋಗಲಾರರು. ಆದ್ದರಿಂದ ಬಡವರ ಮಕ್ಕಳನ್ನು, ಐದಾರು ವರ್ಷದವರನ್ನೂ, ಒಳಗೆ ಹತ್ತಿಸುತ್ತಿದ್ದರು. ಒಂದನೆಯ ತರಗತಿಯಲ್ಲಿ ನಾವು ಅಕ್ಷರ ತಿದ್ದಿಸುವ ಪ್ರಾಯ ಅದು. ಈ ಮಕ್ಕಳಿಗೆ ಮುಂದೆ ಬರುವ ಒಂದು ಬಗೆಯ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. 1788ರಲ್ಲಿ ಎಂಟು ವರ್ಷದೊಳಗಿನವರು ಬೇಡ ಎಂಬ ಕಾನೂನು ಬಂತು. 1840ರಲ್ಲಿ 21 ವರ್ಷದೊಳಗಿನವರನ್ನು ಹತ್ತಿಸಕೂಡದು ಎಂದಾಯಿತು. ಎರಡೂ ಕಾಗದದಲ್ಲೇ ಉಳಿದವು. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಚಿಮ್ನಿಯಲ್ಲಿ ಸಿಕ್ಕಿ ಸತ್ತ ಮೇಲೆ, ಗುಡಿಸುವವರು ಪೊಲೀಸರಿಂದ ಪರವಾನಗಿ ಪಡೆಯಬೇಕೆಂಬ ಕಾನೂನು ಬಂದು ಈ ಪದ್ಧತಿ ನಿಂತಿತು. ಕಾಯಿಲೆ ಗೊತ್ತಾಗಿ ಪೂರಾ ನೂರು ವರ್ಷದ ಮೇಲೆ!

ಮನೆಯಿಂದ ಹೊರಗೆ ಹೋದ ಹೊಗೆಯೂ ಎಲ್ಲಿಗೂ ಹೋಗಿರಲಿಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗಾಳಿ ಆಡಲಿಲ್ಲ. ಲಕ್ಷಾಂತರ ಮನೆಗಳ ಕಲ್ಲಿದ್ದಲಿನ ಹೊಗೆ, ಕಾರ್ಖಾನೆಗಳ ಹೊಗೆಯೊಂದಿಗೆ ಸೇರಿ ಊರ ಮೇಲೆಯೇ ಕೂತಿತು. ಆಗಿನ ಲೆಕ್ಕದಂತೆ ಸತ್ತವರು ಸುಮಾರು 4,000. ನಂತರದ ಅಧ್ಯಯನಗಳು 12,000 ಇರಬಹುದು ಎನ್ನುತ್ತವೆ. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ತೆರೆದ ಕಲ್ಲಿದ್ದಲ ಅಗ್ಗಿಷ್ಟಿಕೆಯ ಯುಗ ಅಲ್ಲಿಂದ ಇಳಿಮುಖವಾಯಿತು.

ಇದೇ ಇಂಗ್ಲಿಷರು ನಮ್ಮ ಬೆಟ್ಟಗಳಿಗೂ ಅಗ್ಗಿಷ್ಟಿಕೆ ತಂದರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1822ರಲ್ಲಿ ಊಟಿಯಲ್ಲಿ ಕಲ್ಲುಮನೆ ಕಟ್ಟಲು ತೊಡಗಿದ ಮೇಲೆ ಅಲ್ಲಿ ಬಂಗಲೆಗಳು ಸಾಲುಗಟ್ಟಿದವು. ಕೋಣೆಗೊಂದು ಬೆಂಕಿಗೂಡು. ಬಡಗರು, ತೋದರು, ಕೋತರು ತಲೆಮಾರುಗಳಿಂದ ಬಾಳಿದ್ದ ಬೆಟ್ಟದ ಸೋಲೆ ಕಾಡು ಸೌದೆಗೆಂದು ಕರಗಿತು. ಆಮೇಲೆ ಸೌದೆಗೆಂದೇ ಆಸ್ಟ್ರೇಲಿಯಾದ ಮರ ತಂದು ನೆಟ್ಟರು. ಕನ್ನಡದಲ್ಲಿ ನಾವು ನೀಲಗಿರಿ ಎಂದು ಕರೆಯುವ ಮರ ನೀಲಗಿರಿಯದ್ದಲ್ಲ, ಅಲ್ಲಿನ ಒಲೆಗಾಗಿ ಬಂದದ್ದು!

ಈಗ ನಮ್ಮ ಅಡುಗೆಮನೆಗೆ ಬರೋಣ. ಕಾಸರಗೋಡಿನ ಕಡೆ ಚಳಿ ಕಾಯಿಸಲು ಬೆಂಕಿ ಬೇಡ. ಅಡುಗೆಗೆ ಬೇಕು, ಬಚ್ಚಲ ಹಂಡೆಗೆ ಬೇಕು. ಉರಿಸಲು ಮಡಲು, ಗೆರಟೆ, ಸಿಪ್ಪೆ ತೋಟದಲ್ಲೇ ಸಿಗುತ್ತದೆ. ಹಳೆಯ ಮನೆಗಳಲ್ಲಿ ಹೊಗೆಗೂ ಕೆಲಸ ಇತ್ತು. ಮುಳಿಹುಲ್ಲಿನ ಮಾಡಿಗೆ ಹುಳ ಹಿಡಿಯದಂತೆ, ಅಟ್ಟದ ಮೇಲಿನ ಬಿತ್ತನೆ ಬೀಜ ಕೆಡದಂತೆ ಅದು ಕಾಯುತ್ತಿತ್ತು. ಹುಲ್ಲು ಹೋಗಿ ಹಂಚು ಬಂತು, ಹಂಚು ಹೋಗಿ ಕಾಂಕ್ರೀಟು ಬಂತು. ಹೊಗೆಗೆ ದಾರಿ ಮುಚ್ಚಿತು, ಒಲೆ ಮಾತ್ರ ಹಳೆಯದೇ ಉಳಿಯಿತು.

ಅದನ್ನು ತಿದ್ದುವ ಯತ್ನಗಳೂ ನಡೆದವು. 1953ರಲ್ಲಿ ಹೈದರಾಬಾದಿನ ಎಸ್.ಪಿ. ರಾಜು ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಿಕೆ ಬರೆದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಬೆಂಕಿಗೆ ಮುಚ್ಚಿದ ಗೂಡು, ಕೆಳಗೆ ಜಾಲರಿ, ಒಂದರ ಹಿಂದೆ ಒಂದರಂತೆ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಬಿಸಿ ಎಲ್ಲ ಪಾತ್ರೆಗಳಿಗೂ ತಗಲಿಯೇ ಹೊರಗೆ ಹೋಗಬೇಕು. ಫ್ರಾಂಕ್ಲಿನ್ನನ ಆಸೆಯೂ ಇದೇ ಅಲ್ಲವೇ? ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ‘ಪರಿಷತ್ ಅಡುಪ್ಪ್’ ಎಂಬ ಒಲೆಯನ್ನು ಮನೆಮನೆಗೆ ಒಯ್ದಿತು. ಕೇಂದ್ರ ಸರಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ತಂದು, 2002ಕ್ಕೆ ಅದು ಮುಗಿಯುವ ಹೊತ್ತಿಗೆ ಸುಮಾರು ಮೂರೂವರೆ ಕೋಟಿ ಒಲೆಗಳ ಲೆಕ್ಕ ತೋರಿಸಿತು.

ಆದರೆ ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಗುರಿ ಮುಟ್ಟುವ ಅವಸರದಲ್ಲಿ ಅಳತೆ ತಪ್ಪಿತು. ಕೊಳವೆ ಕಟ್ಟಿಕೊಂಡರೆ ತೆಗೆಯುವವರಿಲ್ಲ. ಒಲೆಯ ಬಾಯಿ ಸಣ್ಣದು, ಮನೆಯಲ್ಲಿರುವ ಕೊಳ್ಳಿ ದೊಡ್ಡದು. ಊದುವವಳ ಅಭ್ಯಾಸ, ಅವಳ ಪಾತ್ರೆಯ ಗಾತ್ರ ಯಾರೂ ಕೇಳಲಿಲ್ಲ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೇ ಉಪಕರಣ ಕಟ್ಟಿ ಹೊಗೆ ಅಳೆಯುವವರೆಗೆ, ಒಲೆ ಎಂದರೆ ಸೌದೆ ಉಳಿಸುವ ಮಾತೇ ಹೆಚ್ಚು, ಉಸಿರಿನ ಮಾತು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಮನೆಗೆ ಗ್ಯಾಸ್ ಬಂತು, ನಿಜ. ಆದರೆ ಸಿಲಿಂಡರಿನ ಬೆಲೆ ಏರಿದಾಗಲೆಲ್ಲ ಹಳೆಯ ಒಲೆಗೇ ಮತ್ತೆ ಬೆಂಕಿ ಬೀಳುತ್ತದೆ.

ಹಾಗಾದರೆ ಮನೆಗೆ ತಕ್ಕ ಒಲೆ ಯಾವುದು? ಒಂದೇ ಉತ್ತರ ಇಲ್ಲ. ಆದರೆ ಕಟ್ಟುವ ಮೊದಲು ಕೇಳಬೇಕಾದದ್ದನ್ನು ಚರಿತ್ರೆ ಕಲಿಸುತ್ತದೆ. ಬಿಸಿ ಎಲ್ಲಿಗೆ ಹೋಗುತ್ತದೆ? ಹೊಗೆ ಎಲ್ಲಿಗೆ ಹೋಗುತ್ತದೆ, ಹೊರಗೆ ಹೋದ ಮೇಲೆ ಯಾರ ಮನೆಗೆ ಹೋಗುತ್ತದೆ? ಮಸಿ ತೆಗೆಯುವವರು ಯಾರು? ತೋಟದಲ್ಲಿ ಸಿಗುವ ಸೌದೆ ಅದರ ಬಾಯಿಗೆ ಹಿಡಿಸುತ್ತದೆಯೇ? ಗ್ಯಾಸ್ ಇರುವ ಮನೆಯವರೂ ಬಚ್ಚಲ ಒಲೆಗೆ ಈ ಪ್ರಶ್ನೆಗಳನ್ನು ಹಾಕಿ ನೋಡಬಹುದು. ಮೇಸ್ತ್ರಿ ದಾರ ಹಿಡಿದು ಅಳತೆ ಹಾಕುವ ದಿನ, ಅಡುಗೆ ಮಾಡುವವರೂ ಅಲ್ಲಿ ನಿಂತಿರಲಿ. ಒಲೆಯ ಎತ್ತರ, ಬಾಯಿಯ ಅಗಲ, ಕಿಟಿಕಿಯ ಜಾಗ ಅವರೇ ಹೇಳಲಿ.