ತುರಂಗ: ಮರದ ಬೊಡ್ಡೆಯಿಂದ ತಲೋಜದವರೆಗೆ

ಹಳೆಯ ಕಾವ್ಯ ಓದಿದವರಿಗೆ ತುರಂಗ ಎಂದರೆ ಕುದುರೆ. ಬೆಳಗಾವಿ, ಧಾರವಾಡದ ಹಿರಿಯರಿಗೆ ತುರಂಗ ಎಂದರೆ ಜೈಲು. ‘ಹಿಂಡಲಗಾ ತುರಂಗದಾಗ ಇದ್ದು ಬಂದವರು’ ಎಂದು ಸ್ವಾತಂತ್ರ್ಯ ಹೋರಾಟಗಾರರನ್ನು ನೆನೆಯುವವರ ಮಾತಿನಲ್ಲಿ ಕುದುರೆಯ ಸುಳಿವೇ ಇಲ್ಲ. ಇವು ಎರಡು ಬೇರೆ ಪದಗಳು, ಉಚ್ಚಾರ ಮಾತ್ರ ಒಂದಾಗಿದೆ. ಮೊದಲನೆಯದು ಸಂಸ್ಕೃತದ್ದು. ಎರಡನೆಯದು ಪೋರ್ಚುಗೀಸರ ‘ತ್ರೋಂಕು’.

ತ್ರೋಂಕು ಹುಟ್ಟಿದ್ದು ಲ್ಯಾಟಿನ್ನಿನ ‘ತ್ರುಂಕುಸ್’ನಿಂದ. ಅದರ ಅರ್ಥ ಕೊಂಬೆ ಕಡಿದ ಮರದ ಬೊಡ್ಡೆ. ಬೊಡ್ಡೆಗೂ ಜೈಲಿಗೂ ಎಲ್ಲಿಯ ನಂಟು? ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಎರಡೂ ಹೋಳುಗಳಲ್ಲಿ ಅರ್ಧಚಂದ್ರದಂಥ ಕಚ್ಚು ಕೊರೆದು, ಕೈದಿಯ ಕಣಕಾಲನ್ನು ಅದರೊಳಗಿಟ್ಟು, ಮೇಲಿನ ಹೋಳು ಮುಚ್ಚಿ ಬೀಗ ಜಡಿದರೆ ಮನುಷ್ಯ ಕೂತಲ್ಲೇ ಸೆರೆ. ನಮ್ಮ ‘ಕೋಳ’ ಇದೇ. ಮೊದಲು ದಿಮ್ಮಿಗಿದ್ದ ಹೆಸರು ಅದನ್ನಿಟ್ಟ ಕೋಣೆಗೆ ಬಂತು, ಆಮೇಲೆ ಇಡೀ ಕಟ್ಟಡಕ್ಕೆ ಹಬ್ಬಿತು.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಹಾ ವಸಯಿಯನ್ನೂ ಮುಂಬಯಿಯ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಮುಂಬಯಿ ಮುಂದೆ ಇಂಗ್ಲಿಷರ ಕೈಸೇರಿದರೂ ಬಾಂದ್ರಾ ಇರುವ ಸಾಷ್ಟಿಯೂ ವಸಯಿಯೂ ಮರಾಠರು ಗೆಲ್ಲುವವರೆಗೆ, ಎಂದರೆ 1730ರ ದಶಕದ ಕೊನೆಯವರೆಗೆ, ಪೋರ್ಚುಗೀಸರಲ್ಲೇ ಉಳಿದವು. ಆಳುವವರು ಹೋದರು, ಅವರ ಜೈಲಿನ ಹೆಸರು ಹೋಗಲಿಲ್ಲ. ಕೊಂಕಣಿಗರ ಬಾಯಲ್ಲಿ ಅದು ‘ತ್ರೊಂಕ್’, ಮರಾಠಿಯಲ್ಲಿ ‘ತುರುಂಗ’, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ‘ತುರಂಗ’. ದೂರದ ಮಲಯ ಭಾಷೆಗೂ ಇದು ದಾಟಿದೆ.

ಈ ಪದವನ್ನು ತಂದದ್ದು ಶಿಲುಬೆಯ ಹೆಸರು ಹೇಳುತ್ತಿದ್ದ ಸರ್ಕಾರ ಎಂಬುದನ್ನು ಮುಚ್ಚಿಡುವ ಹಾಗಿಲ್ಲ. 1560ರಲ್ಲಿ ಶುರುವಾಗಿ ನಡುವೆ ಕೆಲವು ವರ್ಷ ನಿಂತು 1812ರವರೆಗೆ ಗೋವೆಯಲ್ಲಿ ನಡೆದ ಇನ್‌ಕ್ವಿಸಿಷನ್ ಎಂಬ ಚರ್ಚಿನ ಧರ್ಮನ್ಯಾಯಾಲಯ, ನಂಬಿಕೆಯ ನೆಪದಲ್ಲಿ ಜನರನ್ನು ಸೆರೆಗೆ ತಳ್ಳಿತು. ಸೆರೆಯಲ್ಲಿರುವವರ ಪರ ನಿಲ್ಲುವ ಕ್ರೈಸ್ತರು ಈ ಲೆಕ್ಕವನ್ನೂ ತಮ್ಮದೆಂದು ಒಪ್ಪಿಕೊಂಡೇ ನಿಲ್ಲಬೇಕು.

ಆದರೆ ಅವರ ಧರ್ಮಗ್ರಂಥ ಹೇಳುವುದೇ ಬೇರೆ. ಅಪೊಸ್ತಲರ ಕೃತ್ಯಗಳು ಎಂಬ ಭಾಗದಲ್ಲಿ ಫಿಲಿಪ್ಪಿ ಊರಿನ ಅಧಿಕಾರಿಗಳು ಪೌಲನನ್ನೂ ಸೀಲನನ್ನೂ ಹೊಡೆಸಿ, ಒಳಜೈಲಿನಲ್ಲಿ ಕಾಲಿಗೆ ಕೋಳ ಹಾಕಿಸುತ್ತಾರೆ. ಆ ಕೋಳಕ್ಕೆ ಅಲ್ಲಿರುವ ಗ್ರೀಕ್ ಪದ ‘ಕ್ಸೂಲೊನ್’, ಎಂದರೆ ಮರ. ಅದೇ ಪುಸ್ತಕದಲ್ಲಿ ಯೇಸುವನ್ನು ತೂಗುಹಾಕಿದ ಶಿಲುಬೆಗೂ ಇದೇ ಪದ. ಆ ನಂಬಿಕೆಯವರಿಗೆ ಕೈದಿಯ ಕಾಲಿನ ಮರವೂ ದೇವರು ಸತ್ತ ಮರವೂ ಒಂದೇ ಎಂದಾಯಿತು.

ಈ ಮಾತು ಮುಂಬಯಿಯಲ್ಲಿ ಕಣ್ಣೆದುರೇ ನಿಜವಾಯಿತು. 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧನಕ್ಕೊಳಗಾದ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು ನವಿ ಮುಂಬಯಿಯ ತಲೋಜ ಜೈಲಿಗೆ ತಂದರು. ಅವರ ಮೇಲಿದ್ದದ್ದು ಭೀಮಾ ಕೋರೆಗಾಂವ್ ಹಿಂಸಾಚಾರದ ಪ್ರಕರಣ, ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆ, ಮಾವೋವಾದಿಗಳ ನಂಟಿನ ಆರೋಪ. ಅವರು ಆರೋಪವನ್ನು ನಿರಾಕರಿಸಿದರು, ವಿಚಾರಣೆ ಶುರುವಾಗಲೇ ಇಲ್ಲ. ತಿರುಚ್ಚಿ ಜಿಲ್ಲೆಯಲ್ಲಿ ಹುಟ್ಟಿದ ಅವರು ಬೆಂಗಳೂರಿಗೆ ಹೊಸಬರಲ್ಲ: 1975ರಿಂದ 1986ರವರೆಗೆ ಅಲ್ಲಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಲೋಟ ಎತ್ತಿ ನೀರು ಕುಡಿಯಲು ಆಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಕೇಳಿತು. ಜಾತಿ ಮತ ನೋಡದೆ ಎಲ್ಲೆಲ್ಲಿಯ ಜನರೋ ಸಿಪ್ಪರ್‌ಗಳನ್ನು ಪಾರ್ಸೆಲ್ ಮಾಡಿದರು. ಮರದ ದಿಮ್ಮಿ ಇಲ್ಲದೆಯೂ ಕೋಳ ಹಾಕಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂಬಯಿ ಹೈಕೋರ್ಟಿನ ಆದೇಶದ ಮೇಲೆ 2021ರ ಮೇ ಕೊನೆಯಲ್ಲಿ ಅವರನ್ನು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಲಾಯಿತು. ಸೇಂಟ್ ಝೇವಿಯರ್ಸ್ ಕಾಲೇಜಿನ ಹಿಂದಿನ ಪ್ರಾಂಶುಪಾಲ ಫಾದರ್ ಫ್ರೇಜರ್ ಮಸ್ಕರೇನ್ಹಸ್ ಸ್ಟ್ಯಾನ್ ಸ್ವಾಮಿಯವರ ಆಸರೆಗೆ ನಿಂತರು. ಜುಲೈ 5ರಂದು, ಜಾಮೀನು ಅರ್ಜಿ ವಿಚಾರಣೆಗೆ ಬಂದ ದಿನವೇ, 84ರ ಆ ಮುದುಕರು ಕಣ್ಣು ಮುಚ್ಚಿದರು. ಮರುದಿನ ಬಾಂದ್ರಾದ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಬಲಿಪೂಜೆ ನಡೆಯಿತು. ಒಂದು ಕಾಲಕ್ಕೆ ತ್ರೋಂಕು ಎಂಬ ಮಾತು ಆಳಿದ ಅದೇ ಬಾಂದ್ರಾ!

ತಮ್ಮ ಪಾದ್ರಿ ಒಳಗೆ ಹೋದಾಗಷ್ಟೇ ಎಚ್ಚರಗೊಳ್ಳುವ ಒಗ್ಗಟ್ಟು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ಸ್ಟ್ಯಾನ್ ಸ್ವಾಮಿಯವರ ಬದುಕೇ ಆಧಾರ. ತಾವು ಸೆರೆಯಾಗುವ ಎಷ್ಟೋ ಮೊದಲೇ ಅವರು ಜಾರ್ಖಂಡ್‌ನಲ್ಲಿ ನಕ್ಸಲರೆಂಬ ಹಣೆಪಟ್ಟಿ ಹೊತ್ತು ಕೊಳೆಯುತ್ತಿದ್ದ ಸುಮಾರು 3,000 ಆದಿವಾಸಿ ತರುಣರ ಪರ ಹೈಕೋರ್ಟಿಗೆ ಹೋಗಿದ್ದರು. ಆ ತರುಣರು ತಮ್ಮ ಚರ್ಚಿನವರೇ ಅಲ್ಲವೇ ಎಂದು ಅವರು ಕೇಳಿರಲಿಲ್ಲ.

ಈಗಲೂ ನಮ್ಮ ದೇಶದ ತುರಂಗಗಳಲ್ಲಿರುವವರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ಶಿಕ್ಷೆಯಾಗದ ವಿಚಾರಣಾಧೀನ ಕೈದಿಗಳು. ಓದುಗರಲ್ಲಿ ವಕೀಲರಿದ್ದರೆ ಆ ಕೈದಿಗಳಲ್ಲಿ ಒಬ್ಬರ ಜಾಮೀನು ಅರ್ಜಿ ಬರೆದುಕೊಡಿ. ಉಳಿದವರು ನಿಮ್ಮೂರಿನ ಜೈಲಿನಲ್ಲಿ ನೋಡಲು ಯಾರೂ ಬಾರದ ಕೈದಿ ಯಾರೆಂದು ವಿಚಾರಿಸಿ, ಹೋಗಿ ಬನ್ನಿ.