ದೂರದರ್ಶನ ಯಂತ್ರ ಮತ್ತು ಮಾನಿಟರುಗಳ ವಿದ್ಯುದ್ವ್ಯಯ

ಗೃಹಗಳಲ್ಲಿ ಬಳಸುವ ದೂರದರ್ಶನ ಯಂತ್ರವೂ ಗಣಕಯಂತ್ರದ ಮಾನಿಟರೂ ವ್ಯಯಿಸುವ ವಿದ್ಯುಚ್ಛಕ್ತಿಯು ಮುಖ್ಯವಾಗಿ ಪರದೆಯ ವಿಸ್ತಾರ, ಅದರ ಹೊಳಪು, ಅದು ಉರಿಯುವ ಗಂಟೆಗಳು ಎಂಬೀ ಮೂರನ್ನು ಅವಲಂಬಿಸಿದೆ. ಸಾವಿರ ವಾಟ್‌ಗಳನ್ನು ಒಂದು ಗಂಟೆಯ ಕಾಲ ಬಳಸಿದರೆ ಒಂದು ಯೂನಿಟ್. ಮನೆಯ ಮೀಟರು ಎಣಿಸುವುದು ಇದನ್ನೇ.

ಈ ಯೂನಿಟ್ಟಿನ ಹುಟ್ಟೂರನ್ನು ಕಾಣಬಯಸುವವರು ಆಂಧ್ರದ ವಿಜಯವಾಡಕ್ಕೆ ಸಮೀಪದ ಇಬ್ರಾಹಿಂಪಟ್ನಂಗೆ ಹೋಗಬಹುದು. ಕೃಷ್ಣೆಯ ಎಡದಂಡೆಯ ಈ ಊರಿನಲ್ಲಿ, 1979ರಲ್ಲಿ 210 ಮೆಗಾವಾಟ್‌ನ ಒಂದೇ ಘಟಕದೊಡನೆ ಆರಂಭವಾಗಿ, ಕ್ರಮೇಣ ಅನೇಕ ಘಟಕಗಳನ್ನು ಕೂಡಿಸಿಕೊಂಡು, ಇಂದು ವಿದ್ಯುತ್ ತಜ್ಞ ನಾರ್ಲ ತಾತಾರಾವ್ ಅವರ ಹೆಸರನ್ನು ಹೊತ್ತಿರುವ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಇದೇ ನದಿಯ ಮೇಲಣ ಹರಿವಿನಲ್ಲಿ, ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, 1985ರಿಂದ ನಡೆಯುತ್ತಿರುವ ಕರ್ನಾಟಕದ ಸ್ಥಾವರವೂ ಕೃಷ್ಣೆಯ ನೀರನ್ನೇ ಆಶ್ರಯಿಸಿದೆ. ಗಡಿಯ ಈಚೆಗೂ ಆಚೆಗೂ ಪರದೆಗಳನ್ನು ಬೆಳಗುವ ನದಿ ಒಂದೇ ಎಂದರೆ ಅತಿಶಯೋಕ್ತಿಯಾಗದು. ಇಂಥ ಸ್ಥಾವರಗಳಲ್ಲಿ ಒಂದು ಯೂನಿಟ್ಟಿಗೆ ಅರ್ಧ ಕಿಲೋಗ್ರಾಮಿಗೂ ಮೀರಿದ ಕಲ್ಲಿದ್ದಲು ಬೂದಿಯಾಗುತ್ತದೆ. ಸ್ಥಾವರದ ಸ್ವಂತ ಬಳಕೆಯನ್ನೂ ತಂತಿಯ ನಷ್ಟವನ್ನೂ ಬದಿಗಿರಿಸಿ ಲೆಕ್ಕ ಹಾಕಿದರೆ, 210 ಮೆಗಾವಾಟ್‌ನ ಒಂದು ಘಟಕವು ತಲಾ 50 ವಾಟ್‌ನ 42 ಲಕ್ಷ ಟಿ.ವಿ.ಗಳನ್ನು ಏಕಕಾಲಕ್ಕೆ ನಡೆಸಬಲ್ಲುದು.

ಇನ್ನು ಬಳಕೆಯ ಕಡೆಗೆ ಬಂದರೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ಬಿತ್ತರಿಸಿದ 1975-76ರ ಉಪಗ್ರಹ ಬೋಧನಾ ಪ್ರಯೋಗದ ಕಾಲಕ್ಕೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಊರಿಗೊಂದು ಯಂತ್ರವನ್ನಿರಿಸಿ ಜನರೆಲ್ಲ ಒಟ್ಟಾಗಿ ನೋಡುತ್ತಿದ್ದರು; ತಲೆಯೊಂದಕ್ಕೆ ಬೀಳುತ್ತಿದ್ದ ವಿದ್ಯುತ್ತಿನ ಪಾಲು ಎಷ್ಟು ಅಲ್ಪವಾಗಿತ್ತೆಂಬುದನ್ನು, ಕೋಣೆಗೊಂದು ಪರದೆಯನ್ನು ತೂಗುಹಾಕಿಕೊಂಡಿರುವ ಇಂದಿನ ನಾವು ಊಹಿಸಿಕೊಳ್ಳುವುದು ಕಷ್ಟ. ಮುಂದೆ ಮನೆಮನೆಗೆ ಬಂದ, ಬೆನ್ನು ಉಬ್ಬಿದ ಗಾಜಿನ ಕೊಳವೆಯ 21 ಅಂಗುಲದ ಬಣ್ಣದ ಟಿ.ವಿ. ನೂರು ವಾಟ್‌ನ ಆಸುಪಾಸಿನಲ್ಲಿ ಎಳೆಯುತ್ತಿತ್ತು. ಇಂದಿನ 32 ಅಂಗುಲದ ಎಲ್‌ಇಡಿ ಟಿ.ವಿ.ಗೆ 30ರಿಂದ 50 ವಾಟ್ ಸಾಕು. 55 ಅಂಗುಲದ್ದಕ್ಕೆ ನೂರು ವಾಟ್ ಅಥವಾ ಅದಕ್ಕೂ ಮಿಗಿಲು. ಮೇಜಿನ ಮೇಲಿನ 22 ಅಂಗುಲದ ಮಾನಿಟರು ಇಪ್ಪತ್ತು ವಾಟ್‌ನ ಆಸುಪಾಸಿನಲ್ಲೇ ತೃಪ್ತಿಪಡುತ್ತದೆ. ತಂತ್ರಜ್ಞಾನದಿಂದಾದ ಉಳಿತಾಯದ ಬಹುಭಾಗವನ್ನು ಪರದೆಯ ಹಿಗ್ಗಿನಿಂದ ನಾವೇ ಕಳೆದುಕೊಂಡಿದ್ದೇವೆ.

ಎಲ್‌ಇಡಿ ಪರದೆಯಲ್ಲಿ ವಿದ್ಯುತ್ತಿನ ದೊಡ್ಡ ಪಾಲು ಸಲ್ಲುವುದು ಚಿತ್ರದ ಹಿಂಬದಿಯಿಂದ ಬೆಳಗುವ ದೀಪಗಳಿಗೆ. ಆ ಬೆಳಕಿನ ಸ್ವಲ್ಪಾಂಶ ಮಾತ್ರವೇ ಸೋಸುಪದರಗಳನ್ನು ದಾಟಿ ಕಣ್ಣನ್ನು ಸೇರುತ್ತದೆ. ಆದಕಾರಣ ಹೊಳಪನ್ನು ತಗ್ಗಿಸಿದರೆ ವ್ಯಯವೂ ತಗ್ಗುತ್ತದೆ, ಆದರೆ ಚಿತ್ರದಲ್ಲಿ ಇರುಳು ಕವಿದ ಮಾತ್ರಕ್ಕೆ ಸಾಧಾರಣ ಪರದೆಯಲ್ಲಿ ಹೆಚ್ಚೇನೂ ಉಳಿಯದು. ಓಎಲ್‌ಇಡಿ ಪರದೆಯ ರೀತಿ ಬೇರೆ: ಅದರ ಪ್ರತಿ ಬಿಂದುವೂ ಸ್ವಯಂಪ್ರಕಾಶಿಯಾದುದರಿಂದ ಕಪ್ಪು ಬಿಂದುವು ಬಹುಮಟ್ಟಿಗೆ ಏನನ್ನೂ ವ್ಯಯಿಸುವುದಿಲ್ಲ.

ರಿಮೋಟ್ ಒತ್ತಿ ಆರಿಸಿದ ಟಿ.ವಿ.ಯನ್ನು ಕುರಿತು ಜನರಲ್ಲಿರುವ ಭಯ ಅಷ್ಟಾಗಿ ಸಲ್ಲದು. ಹೊಸ ಯಂತ್ರಗಳಲ್ಲಿ ಕೆಂಪು ಚುಕ್ಕಿಯಷ್ಟೇ ಉರಿಯುವ ಕಾಲದ ಬಳಕೆ ಸಾಮಾನ್ಯವಾಗಿ ಒಂದು ವಾಟ್‌ನೊಳಗೇ ಇರುತ್ತದೆ. ಭಯಪಡಬೇಕಾದುದು ಅದರ ಪಕ್ಕದ ಸೆಟ್‌ಟಾಪ್ ಬಾಕ್ಸಿಗೆ. ರಿಮೋಟ್‌ನಿಂದ ಆರಿಸಿದರೂ ಬಹುತೇಕ ಎಚ್ಚರವಾಗಿಯೇ ಇರುವ ಪೆಟ್ಟಿಗೆಗಳು ಅನೇಕ. ದಿನಕ್ಕೆ ಐದು ಗಂಟೆ ನಡೆಯುವ 40 ವಾಟ್‌ನ ಟಿ.ವಿ.ಗೆ ತಿಂಗಳಿಗೆ 6 ಯೂನಿಟ್ ತಗುಲಿದರೆ, ಹಗಲಿರುಳು 10 ವಾಟ್ ಎಳೆಯುವ ಪೆಟ್ಟಿಗೆಗೆ 7 ಯೂನಿಟ್ಟಿಗೂ ಹೆಚ್ಚು. ಅದೇ ಪೆಟ್ಟಿಗೆಯನ್ನು ನೋಡುವ ಹೊತ್ತಿಗಷ್ಟೇ ಗೋಡೆಯ ಸ್ವಿಚ್ಚಿನಿಂದ ಹಚ್ಚಿ ಆರಿಸಿದರೆ ಒಂದೂವರೆ ಯೂನಿಟ್. ಆರಿಸದೆ ಬಿಟ್ಟಲ್ಲಿ ವರ್ಷಕ್ಕೆ ಸುಮಾರು 88 ಯೂನಿಟ್ ಸಲ್ಲುತ್ತದೆ. ಅದಕ್ಕಾಗಿ ಉರಿಯುವ ಕಲ್ಲಿದ್ದಲು ಒಂದು ಮೂಟೆ ಅಕ್ಕಿಯ ತೂಕಕ್ಕೆ ಕಡಿಮೆಯಿಲ್ಲ.