ಮಾಸ್ಕ್ ಹೊಲಿದ ಕೈಗಳ ಹಿಂದೆ: ಅಹಮದಾಬಾದಿನ 'ಸೇವಾ' ನಡೆದುಬಂದ ದಾರಿ

ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಕನ್ನಡ ಸಂಘದ ಚರಿತ್ರೆಯ ಜೊತೆಗೆ, ನಮಗೆ ನೆಲೆ ಕೊಟ್ಟ ಊರಿನ ಒಂದು ಸಂಸ್ಥೆಯ ಚರಿತ್ರೆಯೂ ಇರಲಿ ಎಂದು ಸಮಿತಿಯ ಹಿರಿಯರು ಬಯಸಿದರು. ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಯಾವ ಸಂಸ್ಥೆ ಎಂದು ನಾನು ಯೋಚಿಸಬೇಕಾಗಲಿಲ್ಲ. ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಸಾಬರಮತಿಯ ಆಚೆ ದಂಡೆಯ 'ಪೋಳ' ಎನ್ನುವ ಹಳೆ ಕೇರಿಗಳನ್ನೂ ಮಿಲ್ ಚಾಳುಗಳನ್ನೂ ತೋರಿಸಿಕೊಟ್ಟಿದ್ದು 'ಸೇವಾ', ಅಂದರೆ ಸ್ವಾಶ್ರಯಿ ಮಹಿಳಾ ಸೇವಾ ಸಂಘ. 2020ರ ಬೇಸಿಗೆಯಲ್ಲಿ, ಕೊರೊನಾ ಕಾಲದಲ್ಲಿ, ನಮ್ಮಲ್ಲಿ ಅನೇಕರು ಮುಖಕ್ಕೆ ಕಟ್ಟಿಕೊಂಡ ಹತ್ತಿ ಬಟ್ಟೆಯ ಮಾಸ್ಕ್ ಹೊಲಿದವರೂ ಇದೇ ಸಂಘದ ಹೆಣ್ಣುಮಕ್ಕಳು. ಕೆಲಸವೆಲ್ಲ ನಿಂತ ಆ ತಿಂಗಳುಗಳಲ್ಲಿ ಅವರ ಕೈಗೆ ಕೆಲಸ ಸಿಕ್ಕಿದ್ದು ಹೇಗೆ ಎಂದು ಹೇಳಬೇಕಾದರೆ ಅರ್ಧ ಶತಮಾನಕ್ಕೂ ಹಿಂದಕ್ಕೆ ಹೋಗಬೇಕು.

ಮಜೂರ್ ಮಹಾಜನದ ಅಂಗಳ

1918ರ ಗಿರಣಿ ಮುಷ್ಕರದಲ್ಲಿ ಗಾಂಧೀಜಿಯವರ ಜೊತೆ ನಿಂತ ಅನಸೂಯಾ ಸಾರಾಭಾಯಿಯವರು 1920ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. ಅದೇ ಮಜೂರ್ ಮಹಾಜನ. 1954ರಲ್ಲಿ ಅದಕ್ಕೊಂದು ಮಹಿಳಾ ವಿಭಾಗ ಬಂತು. ಗಿರಣಿ ಕೆಲಸಗಾರರ ಹೆಂಡತಿ, ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿ, ನೂಲುವುದನ್ನು ಕಲಿಸುವುದು ಅದರ ಕೆಲಸ. ಮರುವರ್ಷ, 1955ರಲ್ಲಿ, ಕಾನೂನು ಪದವಿ ಮುಗಿಸಿದ ಇಪ್ಪತ್ತೆರಡರ ಹರೆಯದ ತರುಣಿಯೊಬ್ಬರು ಸಂಘದ ಕಾನೂನು ವಿಭಾಗಕ್ಕೆ ಸೇರಿದರು. ಅವರೇ ಇಳಾ ಭಟ್, ಎಲ್ಲರ ಬಾಯಲ್ಲಿ ಇಳಾಬೆನ್.

1968ರಲ್ಲಿ ಇಳಾಬೆನ್ ಮಹಿಳಾ ವಿಭಾಗದ ಮುಖ್ಯಸ್ಥೆಯಾದರು. ಆ ಹೊತ್ತಿಗೆ ಊರಿನ ದೊಡ್ಡ ಗಿರಣಿಗಳು ಮುಚ್ಚತೊಡಗಿದ್ದವು. ಕೆಲಸ ಕಳೆದುಕೊಂಡ ಗಂಡಸರು ಹೋರಾಟದಲ್ಲಿದ್ದಾಗ ಮನೆಯ ಒಲೆ ಉರಿಸುತ್ತಿದ್ದವರು ಹೆಂಗಸರು. ತರಕಾರಿ ಮಾರಿ, ಬೀಡಿ ಸುತ್ತಿ, ಬಟ್ಟೆ ಹೊಲಿದು ಸಂಸಾರ ಸಾಗಿಸುತ್ತಿದ್ದರು. ಆದರೆ ಯಾವ ಕಾನೂನಿನ ಪ್ರಕಾರವೂ ಅವರು ಕಾರ್ಮಿಕರಲ್ಲ. ಈ ಅನ್ಯಾಯ ಇಳಾಬೆನ್ ಅವರ ಮನಸ್ಸಿನಲ್ಲಿ ಕೂತಿತು. 1971ರಲ್ಲಿ ಅವರು ಟೆಲ್ ಅವೀವ್‌ಗೆ ಅಧ್ಯಯನಕ್ಕೆ ಹೋದಾಗ, ಅಲ್ಲಿ ಕಾರ್ಮಿಕ ಸಂಘ ಮತ್ತು ಸಹಕಾರ ಸಂಘ ಎರಡೂ ಜೊತೆಯಾಗಿ ನಡೆಯುವುದನ್ನು ಕಂಡು ಬಂದರು. ಸಂಘ ಹಕ್ಕು ಕೇಳಬೇಕು, ಸಹಕಾರಿ ಕೆಲಸ ಕೊಡಬೇಕು. ಸೇವಾದ ಇಡೀ ಚರಿತ್ರೆಯೇ ಈ ಎರಡು ಕಾಲುಗಳ ನಡಿಗೆ.

ಅದೇ ವರ್ಷ ಕೈಗಾಡಿ ಎಳೆಯುವ ವಲಸೆ ಹೆಂಗಸರು ಇರಲು ಮನೆಯಿಲ್ಲ ಎಂದು ಮಜೂರ್ ಮಹಾಜನಕ್ಕೆ ಬಂದರು. ಅವರ ಹಿಂದೆಯೇ ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವವರ ದೂರು ಬಂತು. ಎಷ್ಟು ಹೊರೆ ಹೊತ್ತರೂ ಕೈಗೆ ಬರುವುದು ಚಿಲ್ಲರೆ ಕಾಸು. ಇಳಾಬೆನ್ ಇದನ್ನು ಪತ್ರಿಕೆಗೆ ಬರೆದರು. ವರ್ತಕರು ಉತ್ತರ ಬರೆದು, ತಾವು ಇಂತಿಷ್ಟು ಕೂಲಿ ಕೊಡುತ್ತಿದ್ದೇವೆ ಎಂದು ಸಮರ್ಥಿಸಿಕೊಂಡರು. ಮಹಿಳಾ ವಿಭಾಗ ಆ ಉತ್ತರವನ್ನೇ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ ಹೊರೆ ಹೊರುವ ಹೆಂಗಸರ ಕೈಗೆ ಹಂಚಿತು. ನೀವೇ ಹೇಳಿದ ಕೂಲಿ ಕೊಡಿ ಎಂದು ಅವರು ಕೇಳಲು ನಿಂತರು. ಇಷ್ಟು ಚೊಕ್ಕವಾದ ಹೋರಾಟವನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಈ ಸುದ್ದಿ ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರ ಕಿವಿಗೆ ಬಿತ್ತು. 1971ರ ಡಿಸೆಂಬರ್‌ನಲ್ಲಿ ಅವರು ನೂರಕ್ಕೂ ಹೆಚ್ಚು ಮಂದಿ ಉದ್ಯಾನವೊಂದರಲ್ಲಿ ಸಭೆ ಸೇರಿದರು. ನಮ್ಮದೇ ಸಂಘ ಬೇಕು ಎಂಬ ಮಾತು ಅಲ್ಲಿ, ಅವರಲ್ಲೇ ಒಬ್ಬಾಕೆಯಿಂದ ಬಂತು. ಮಜೂರ್ ಮಹಾಜನದ ಅಧ್ಯಕ್ಷರಾಗಿದ್ದ ಅರವಿಂದ ಬುಚ್ ಬೆಂಬಲವಾಗಿ ನಿಂತು ಹೊಸ ಸಂಘದ ಮೊದಲ ಅಧ್ಯಕ್ಷರಾದರು. ಇಳಾಬೆನ್ ಪ್ರಧಾನ ಕಾರ್ಯದರ್ಶಿಯಾದರು. ಕಾರ್ಮಿಕ ಇಲಾಖೆ ಮಾತ್ರ ತಕರಾರು ತೆಗೆಯಿತು. ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಸಂಘ ಎಂಬುದು ಅದರ ಪ್ರಶ್ನೆ. ಸಂಘ ಬೇಕಾಗಿರುವುದು ಕೆಲಸಗಾರರ ಒಗ್ಗಟ್ಟಿಗೆ ಎಂದು ವಾದಿಸಿ ಒಪ್ಪಿಸಿದ ಮೇಲೆ, 1972ರ ಏಪ್ರಿಲ್‌ನಲ್ಲಿ ನೋಂದಣಿಯಾಯಿತು.

ಹತ್ತು ರೂಪಾಯಿಯ ಬ್ಯಾಂಕು

ಎರಡೇ ವರ್ಷದಲ್ಲಿ ಇನ್ನೊಂದು ಸಾಹಸ. ಬಡ್ಡಿಯವರ ಕಾಟದಿಂದ ಬಿಡಿಸಿಕೊಳ್ಳುವುದು ಹೇಗೆಂಬ ಚರ್ಚೆಯಲ್ಲಿ, ಹಳೆ ಬಟ್ಟೆ ವ್ಯಾಪಾರದ ಚಂದಾಬೆನ್ ನಮ್ಮದೇ ಬ್ಯಾಂಕು ಯಾಕೆ ಇರಬಾರದು ಎಂದು ಕೇಳಿದರು. ಅಷ್ಟು ಬಂಡವಾಳ ಎಲ್ಲಿದೆ ಎಂಬ ಅಳುಕಿಗೆ, ನಾವು ಬಡವರಾದರೂ ಇಷ್ಟೊಂದು ಜನ ಇದ್ದೇವಲ್ಲ ಎಂಬ ಉತ್ತರವೂ ಆಕೆಯಿಂದಲೇ ಬಂತು. ಇಳಾಬೆನ್ ಮುಂದೆ ಬರೆದ ಪುಸ್ತಕಕ್ಕೆ ಆ ಮಾತೇ ಹೆಸರಾಯಿತು. ನಾಲ್ಕು ಸಾವಿರ ಹೆಂಗಸರು ತಲಾ 10 ರೂಪಾಯಿ ಹಾಕಿದರು. ನೋಂದಣಿಗೆ ಪ್ರವರ್ತಕರ ಸಹಿ ಬೇಕಿತ್ತು, ಅವರಿಗೆ ಬರೆಯಲು ಬಾರದು. ರಾತ್ರಿಯಿಡೀ ಕೂತು ಹೆಸರು ತಿದ್ದಿ ಕಲಿತು, ಬೆಳಗ್ಗೆ ಹೋಗಿ ಸಹಿ ಹಾಕಿಬಂದರು. 1974ರಲ್ಲಿ ಶ್ರೀ ಮಹಿಳಾ ಸೇವಾ ಸಹಕಾರಿ ಬ್ಯಾಂಕು ಬಾಗಿಲು ತೆರೆಯಿತು. ಓದು ಬಾರದ ಗ್ರಾಹಕರನ್ನು ಗುರುತಿಸಲು ಪಾಸ್‌ಬುಕ್ಕಿಗೆ ಫೋಟೋ ಅಂಟಿಸಿದರು. ಮುಂದೆ ಈ ಬ್ಯಾಂಕನ್ನು ದಶಕಗಳ ಕಾಲ ಮುನ್ನಡೆಸಿದವರು ಜಯಶ್ರೀ ವ್ಯಾಸ್.

ದರಿಯಾಪುರದ ಚಿಂದಿ

ನನ್ನ ಮನಸ್ಸಿಗೆ ತೀರ ಹತ್ತಿರವಾದ ಅಧ್ಯಾಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗಿರಣಿಗಳಲ್ಲಿ ಉಳಿಯುವ ತುಂಡು ಬಟ್ಟೆಗೆ ಇಲ್ಲಿ ಚಿಂದಿ ಎನ್ನುತ್ತಾರೆ. ಕೋಟೆಯೊಳಗಿನ ಹಳೆ ಊರಿನ ದರಿಯಾಪುರದ ಮುಸ್ಲಿಂ ಹೆಂಗಸರು ವರ್ತಕರಿಂದ ಚಿಂದಿ ಗಂಟು ತಂದು, ಮನೆಯಲ್ಲೇ ಜೋಡಿಸಿ, 'ಖೋಳ' ಎನ್ನುವ ರಜಾಯಿ ಹೊದಿಕೆ ಹೊಲಿಯುತ್ತಿದ್ದರು. ದಾರದ ಖರ್ಚು ಅವರದೇ, ಮೆಷಿನ್ ರಿಪೇರಿ ಅವರದೇ. ಕೂಲಿ ಮಾತ್ರ ವರ್ತಕ ಹೇಳಿದಷ್ಟು.

1977ರಲ್ಲಿ ಹಾರ್ವರ್ಡ್, ಯೇಲ್‌ಗಳಲ್ಲಿ ಓದಿ ಬಂದ ರೆನಾನಾ ಝಾಬ್‌ವಾಲಾ ಸೇವಾ ಸೇರಿ ಈ ಓಣಿಗಳಲ್ಲಿ ಸಂಘಟನೆಗೆ ಇಳಿದರು. ಸಂಘ ಕೂಲಿ ಹೆಚ್ಚಿಸಲು ಕೇಳಿದ್ದೇ ತಡ, ಸದಸ್ಯೆಯರಿಗೆ ಕೆಲಸ ಕೊಡುವುದು ನಿಂತಿತು. ಹಕ್ಕು ಕೇಳಿದವರ ಒಲೆ ಆರಬಾರದಲ್ಲ. ಆಗ ಸೇವಾ ಚಿಂದಿಯನ್ನು ಗಿರಣಿಗಳಿಂದ ತಾನೇ ಕೊಂಡು ಹೆಂಗಸರಿಗೆ ಹಂಚಿ, ಹೊಲಿದದ್ದನ್ನು ತಾನೇ ಮಾರಲು ಆರಂಭಿಸಿತು. 'ಸಬೀನಾ' ಸಹಕಾರ ಸಂಘ ಹುಟ್ಟಿದ್ದು ಹೀಗೆ. ನಾನು ಈ ಓಣಿಗಳ ಹೆಂಗಸರಿಗೆ ಅಕ್ಷರ ಕಲಿಸಲು ಹೋಗತೊಡಗಿದ ಹೊತ್ತಿಗೆ ಇವೆಲ್ಲ ಹಳೆಯ ಮಾತಾಗಿತ್ತು. ಆದರೂ ಅಲ್ಲಿನ ಹಿರಿಯ ಹೆಂಗಸರು ನಿನ್ನೆ ನಡೆದಂತೆ ಹೇಳುತ್ತಿದ್ದರು. ಅವರಿಗೆ ನಾನು ನಾಲ್ಕು ಅಕ್ಷರ ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಹೆಚ್ಚು. ಒಂದು ಡಜನ್‌ಗೆ ಸಿಗುವ ಕೂಲಿಯಲ್ಲಿ ದಾರ, ಸೂಜಿ, ಕರೆಂಟಿನ ಖರ್ಚು ಕಳೆದು ಉಳಿಯುವುದೆಷ್ಟು ಎಂದು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಿದ್ದರು.

ಮುಂದಿನ ವರ್ಷಗಳು

1981ರಲ್ಲಿ ಗುಜರಾತಿನಲ್ಲಿ ಮೀಸಲಾತಿಯ ವಿಷಯವಾಗಿ ಎದ್ದ ಬಿರುಗಾಳಿಯಲ್ಲಿ ಇಳಾಬೆನ್ ದಲಿತರ ಪರ ಮಾತನಾಡಿದರು. ಇದರಿಂದ ಭಿನ್ನಾಭಿಪ್ರಾಯ ಬಂದು, ಅದೇ ವರ್ಷ ಸೇವಾ ಮಜೂರ್ ಮಹಾಜನದಿಂದ ಬೇರೆಯಾಗಬೇಕಾಯಿತು. ಎರಡೂ ಕಡೆ ಇದ್ದವರು ಗಾಂಧೀ ಹಾದಿಯ ಹಿರಿಯರು, ಇಂದು ಅವರಲ್ಲಿ ಹಲವರು ನಮ್ಮೊಡನಿಲ್ಲ. ಆ ದಿನಗಳ ಮಾತುಗಳನ್ನು ಇಲ್ಲಿ ಎತ್ತಿ ಆಡುವುದು ನನಗೆ ಸರಿಕಾಣದು. ತಾಯಿಮನೆ ಬಿಟ್ಟು ಹೊರಟ ಸಂಸ್ಥೆ ತನ್ನ ಕಾಲಮೇಲೆ ನಿಂತಿತು, ತಾಯಿಮನೆ ಕಲಿಸಿದ ಶಿಸ್ತನ್ನು ಮರೆಯಲಿಲ್ಲ ಎಂದಷ್ಟೇ ಹೇಳುತ್ತೇನೆ. ಇಂದಿಗೂ ಸೇವಾದ ಸಭೆಗಳು ಸರ್ವಧರ್ಮ ಪ್ರಾರ್ಥನೆಯಿಂದಲೇ ಆರಂಭವಾಗುತ್ತವೆ.

ಮುಂದಿನ ಮೂರು ದಶಕಗಳು ಬೆಳವಣಿಗೆಯವು. ಇಳಾಬೆನ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 1988ರಲ್ಲಿ 'ಶ್ರಮಶಕ್ತಿ' ವರದಿ ಕೊಟ್ಟಿತು. ಮನೆಯಲ್ಲಿ ಕೂತು ದುಡಿಯುವವರೂ ಕಾರ್ಮಿಕರೇ ಎಂದು 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 177ನೆಯ ಒಡಂಬಡಿಕೆಯಲ್ಲಿ ಒಪ್ಪಿತು. ಅದರ ಹಿಂದೆ ಸೇವಾದ ವರ್ಷಗಳ ದುಡಿಮೆ ಇತ್ತು. 2001ರ ಭೂಕಂಪದ ನಂತರ ಕಛ್‌ನಲ್ಲಿ ಕಸೂತಿಯ ಹೆಂಗಸರ ಕೈಗೆ ಮತ್ತೆ ಸೂಜಿದಾರ ಬಂತು. ಸೇವಾ ಕೂಡ ಒತ್ತಾಯಿಸುತ್ತ ಬಂದಿದ್ದ ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂತು. ಸಂಘ ಹಲವು ರಾಜ್ಯಗಳಿಗೆ ಹರಡಿತು, ಸದಸ್ಯೆಯರ ಸಂಖ್ಯೆ ಲಕ್ಷಗಳನ್ನು ದಾಟಿತು.

2020ರ ಬೇಸಿಗೆ

ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದದ್ದು ಹೊಲಿಗೆಯವರ ಪಾಲಿಗೆ ತೀರ ಕೆಟ್ಟ ಹೊತ್ತಿನಲ್ಲಿ. ಮುಂದೆ ಮದುವೆಯ ದಿನಗಳು, ಅದರ ಬೆನ್ನಿಗೆ ರಂಜಾನ್. ವರ್ಷದ ಗಳಿಕೆಯ ದೊಡ್ಡ ಪಾಲು ಬರಬೇಕಾದ ಕಾಲದಲ್ಲೇ ಅಂಗಡಿಗಳಿಗೆ ಬೀಗ ಬಿತ್ತು. ಹೊಲಿದುಕೊಟ್ಟ ಮಾಲಿನ ಕೂಲಿ ಬಾಕಿ ಉಳಿಯಿತು, ಹೊಸ ಮಾಲು ಬರಲಿಲ್ಲ. ಏಪ್ರಿಲ್‌ನಲ್ಲಿ ಕೋಟೆಯೊಳಗಿನ ಹಳೆ ಊರು ದಿಗ್ಬಂಧನಕ್ಕೆ ಒಳಗಾಯಿತು. ಮೇ ತಿಂಗಳಲ್ಲಿ ಒಂದು ವಾರ ತರಕಾರಿ, ಕಿರಾಣಿಯೂ ಬಂದ್. ಗಂಡನನ್ನು ಕಳೆದುಕೊಂಡವರು, ದಿನಗೂಲಿಯೊಂದನ್ನೇ ನಂಬಿದವರು ಮೊದಲು ಹಸಿದರು.

ಅದೇ ಏಪ್ರಿಲ್‌ನಲ್ಲಿ ನಗರದಲ್ಲಿ ಮಾಸ್ಕ್ ಕಡ್ಡಾಯವಾಯಿತು. ಮನೆಯಲ್ಲೇ ಮಾಸ್ಕ್ ತಯಾರಿಸುವ ಕೈಪಿಡಿಯನ್ನು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹೊರಡಿಸಿತ್ತು. ಅಚ್ಚುಕಟ್ಟಾದ ಮಾಸ್ಕಿಗೆ ಬೇಕಾದ್ದು ಶುದ್ಧ ಹತ್ತಿ ಬಟ್ಟೆ, ಎರಡು ಮೂರು ಪದರ, ಮೂರು ನೆರಿಗೆ, ನೇರ ಹೊಲಿಗೆ. ಓವರ್‌ಲಾಕ್ ಬೇಡ, ದೊಡ್ಡ ಮೇಜು ಬೇಡ, ಕರೆಂಟೂ ಬೇಡ. ಒಂದು ಕೋಣೆಯ ಮನೆಯಲ್ಲಿ ಕಾಲಿನಿಂದ ತುಳಿಯುವ ಮೆಷಿನ್ ಇದ್ದರೆ ಸಾಕು. ಚಿಂದಿ ಜೋಡಿಸಿ ಖೋಳ ಹೊಲಿದವರ ಮಕ್ಕಳು, ಮೊಮ್ಮಕ್ಕಳಿಗೆ ಇದು ಕೈಬಂದ ಕೆಲಸ. ಸೇವಾ ಅವರ ಕೈಗೆ ಬಟ್ಟೆ ಕೊಟ್ಟಿತು. ಸಂಸ್ಥೆಯ ಆರೋಗ್ಯ ಸಹಕಾರಿ 'ಲೋಕ ಸ್ವಾಸ್ಥ್ಯ' ಸ್ಯಾನಿಟೈಸರ್ ತಯಾರಿಕೆಗೆ ಇಳಿಯಿತು.

ನಾನು ಹತ್ತಿರದಿಂದ ಕಂಡ ಹೊಲಿಗೆಯವರ ಒಂದು ಗುಂಪಿನ ಮಾತು ಹೇಳುತ್ತೇನೆ. ವಯಸ್ಸಿನ ಕಾರಣ ಮನೆ ಬಿಟ್ಟು ಹೊರಡುವಂತಿರಲಿಲ್ಲ, ಫೋನ್ ಹಿಡಿದು ಕೂತೆ. ನಮ್ಮ ಕನ್ನಡ ಸಂಘದ ಮನೆಗಳಿಂದ, ನೆರೆಯ ಸೊಸೈಟಿಗಳಿಂದ ಆರ್ಡರ್ ಪಡೆದು ತಲುಪಿಸುವುದು ನನ್ನ ಪಾಲಿನ ಕೆಲಸ. ಎಲಾಸ್ಟಿಕ್ ಸಿಗದೆ ಹೋದಾಗ ಹೆಂಗಸರು ಅದೇ ಬಟ್ಟೆಯ ಪಟ್ಟಿ ಮಡಚಿ ಲಾಡಿ ಹೊಲಿದರು. ಲಾಡಿಗೆ ಕೈಕೆಲಸ ಹೆಚ್ಚು ಹಿಡಿಯಿತು, ಹಾಗಾಗಿ ಇನ್ನೊಬ್ಬಾಕೆಗೂ ದುಡಿಮೆ ಸಿಕ್ಕಿತು. ಮಗುವಿನ ಅಳತೆ, ಗಡ್ಡದವರ ಅಳತೆ ಎಂದು ಬೇರೆ ಬೇರೆ ಕತ್ತರಿಸಿದರು. ಹೊಸಬರಿಗೆ ವಾಟ್ಸ್‌ಆ್ಯಪ್ ವಿಡಿಯೋದಲ್ಲೇ ನೆರಿಗೆ ಹಾಕುವುದನ್ನು ಕಲಿಸಿದರು. ನಮ್ಮ ಸಂಘದ ಒಂದೊಂದು ಮನೆಯೂ ಕೊಂಡಿತು, ಊರಿಗೆ ಹೋಗುವವರು ಧಾರವಾಡ, ಹುಬ್ಬಳ್ಳಿಗೂ ಒಯ್ದರು. ನಮ್ಮ ಸಂಘದ ಇಷ್ಟು ವರ್ಷಗಳ ಕೆಲಸಗಳಲ್ಲಿ ನನಗೆ ಅತ್ಯಂತ ಹೆಮ್ಮೆ ತಂದದ್ದು ಇದು.

ಆ ದಿನಗಳಲ್ಲಿ ದವಸದ ಕಿಟ್ ಕೊಡುವ ಪುಣ್ಯವಂತರು ಬಹಳ ಮಂದಿ ಇದ್ದರು, ಅವರಿಗೆಲ್ಲ ನಮಸ್ಕಾರ. ಆದರೆ ಕಿಟ್ ಮುಗಿದ ಮೇಲೆ ಮತ್ತೆ ಕೈಚಾಚಬೇಕು. ಮಾಸ್ಕ್ ಹೊಲಿದಾಕೆ ತನ್ನ ಕೂಲಿ ತಾನು ಎಣಿಸಿ ತೆಗೆದುಕೊಂಡಳು, ಮನೆಯವರ ಮುಂದೆ ತಲೆಯೆತ್ತಿ ನಿಂತಳು. ಈ ಕೆಲಸ ಅಷ್ಟು ಬೇಗ ಅವಳ ಮನೆ ತಲುಪಿದ್ದು ಎಲ್ಲವೂ ಮೊದಲೇ ಇದ್ದುದರಿಂದ. ಅವಳ ಹೆಸರು ಗೊತ್ತಿದ್ದ ಸಂಘವಿತ್ತು, ಬಟ್ಟೆ ತಂದು ಹಂಚಿ ಗೊತ್ತಿದ್ದ ಸಹಕಾರಿ ಇತ್ತು, ಅವಳ ಫೋಟೋ ಇದ್ದ ಪಾಸ್‌ಬುಕ್ ಇತ್ತು. ಅವುಗಳಲ್ಲಿ ಯಾವುದೂ 2020ರಲ್ಲಿ ಹುಟ್ಟಿದ್ದಲ್ಲ.

ನಮನ

ಸೇವಾ 2022ರಲ್ಲಿ ಐವತ್ತು ತುಂಬಿಸಿತು. ಅದೇ ವರ್ಷ ನವೆಂಬರ್ 2ರಂದು ಇಳಾಬೆನ್ ನಮ್ಮನ್ನು ಅಗಲಿದರು. ಮ್ಯಾಗ್ಸೆಸೆ, ಪದ್ಮಭೂಷಣ, ರಾಜ್ಯಸಭೆ, ಗುಜರಾತ್ ವಿದ್ಯಾಪೀಠದ ಕುಲಾಧಿಪತಿ ಸ್ಥಾನ ಎಲ್ಲವೂ ಅವರನ್ನು ಹುಡುಕಿಕೊಂಡು ಬಂದವು. ಖಾದಿ ಸೀರೆಯ ಆ ಸರಳ ಹೆಂಗಸು ಮಾತ್ರ ಬದಲಾಗಲಿಲ್ಲ. ಅನಸೂಯಾಬೆನ್, ಇಳಾಬೆನ್, ಚಂದಾಬೆನ್ ಹೆಸರುಗಳ ಜೊತೆಗೆ, ಹೆಸರು ದಾಖಲಾಗದ ಹೊರೆ ಹೊತ್ತವರಿಗೂ ಚಿಂದಿ ಹೊಲಿದವರಿಗೂ ಈ ಸಂಚಿಕೆಯ ಮೂಲಕ ನಮ್ಮ ಸಂಘದ ನಮನ ಸಲ್ಲಲಿ.

ಕಿರಿಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಮನೆಯ ರವಿಕೆ, ಪರದೆ, ದಿಂಬಿನ ಗಲೀಫು ಹೊಲಿದುಕೊಡುವಾಕೆ ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಹಣವನ್ನು ಅಂದೇ ಕೊಡಿ. ಅವಳಿಗೆ ಒಂದು ಸಂಘವಿದೆಯೇ, ಖಾತೆಯಿದೆಯೇ ಎಂದು ಕೇಳಿ, ಇಲ್ಲದಿದ್ದರೆ ದಾರಿ ತೋರಿಸಿ. ಮುಂದಿನ ಕಷ್ಟಕಾಲದಲ್ಲಿ ಅವಳ ಒಲೆ ಉರಿಯುವುದಕ್ಕೆ ಇವತ್ತೇ ಆಗಬೇಕಾದ ಕೆಲಸ ಅದು.